ತಾಳೆಯಾದ ಲೆಕ್ಕ

ಹಾಸನ
೧೮ ನವೆಂಬರ್ ೨೦೨೫, ಮಂಗಳವಾರ

ದೀಪಾ,

ಚೆನ್ನಾಗಿದ್ದೀಯಾ ಎಂದು ಕೇಳಿಯೇ ಶುರು ಮಾಡುತ್ತೇನೆ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದರೂ. ನನ್ನ ನಂಬರು ಕಂಡರೆ ನೀನು ಫೋನ್ ಎತ್ತುವುದಿಲ್ಲ, ಮೆಸೇಜು ನೋಡಿಯೂ ಸುಮ್ಮನಿರುತ್ತೀಯ. ಅದಕ್ಕೇ ಕಾಗದ ಬರೆದು ವಿಜಯಪುರದ ನಿನ್ನ ಆಫೀಸಿಗೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಯಾವುದೋ ಕಾಲುವೆ ಕಂಟ್ರಾಕ್ಟರನ ಅರ್ಜಿ ಅಂದುಕೊಂಡಾದರೂ ಒಡೆದು ನೋಡುತ್ತೀಯ. ಅರ್ಧಕ್ಕೆ ನಿಲ್ಲಿಸಬೇಡ ಕಣೇ. ಜಗಳ ಆಡುವುದಕ್ಕೆಂದು ಬರೆಯುತ್ತಿಲ್ಲ. ಸ್ವಲ್ಪ ಜಗಳವೂ ಇರುತ್ತದೆ, ತಡೆದುಕೋ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಶುಕ್ರವಾರ ಮಧ್ಯಾಹ್ನ ನಿಮ್ಮಪ್ಪನಿಗೆ, ನನ್ನ ಸರ್‌ಗೆ, ನಿಜ ಹೇಳಿಬಿಟ್ಟೆ. ಅವರ ಲೆಕ್ಕ ತಾಳೆಯಾಗಿಲ್ಲ ಎಂದು ಹೇಳಿದೆ. ನಿನ್ನನ್ನು ಒಂದು ಮಾತು ಕೇಳೋಣವೆಂದು ಆ ಬೆಳಿಗ್ಗೆಯೂ ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆ ಹೊರದೇಶದ ಪ್ರಯೋಗಾಲಯದವರು ತಮ್ಮ ಅಳತೆಯನ್ನು ಸಮ್ಮೇಳನದಲ್ಲಿ ಹೇಳಿದ ದಿನ ನಾನು ಮೊದಲು ಫೋನ್ ಮಾಡಿದ್ದು ನಿನಗೆ. ಸರ್ ಲೆಕ್ಕಕ್ಕೂ ಅದಕ್ಕೂ ಬಹಳ ದೂರವಿದೆ, ಅವರಿಗೆ ಹೇಗೆ ಹೇಳಲಿ ಎಂದು ಕೇಳಿದ್ದೆ. ಹೇಳಲೇ ಬೇಡ ಎಂದೆ ನೀನು. ಸರಿ, ನಾಲ್ಕು ದಿನ ತಡೆಯೋಣ ಅಂದುಕೊಂಡೆ ನಾನು. ನೀನು ಅದೇ ಸಂಜೆ ಅವರಿಗೆ ಫೋನ್ ಮಾಡಿ, ಬಿಂದು ಹೇಳಿದಳು ಅಪ್ಪ, ನಿಮ್ಮ ಲೆಕ್ಕಕ್ಕೂ ಅಳತೆಗೂ ಒಂದು ಚೂರೂ ವ್ಯತ್ಯಾಸ ಇಲ್ಲವಂತೆ ಎಂದುಬಿಟ್ಟೆ. ನನ್ನ ಹೆಸರನ್ನು ಯಾಕೆ ಎಳೆದೆ? ಅದನ್ನು ಕೇಳಿದ್ದಕ್ಕೆ ತಾನೇ ನೀನು ಫೋನ್ ಕುಕ್ಕಿದ್ದು.

ನಿನ್ನ ಸಂಕಟ ನನಗೆ ಅರ್ಥವಾಗುವುದಿಲ್ಲ ಅಂದುಕೊಳ್ಳಬೇಡ. ಸರ್‌ಗೆ ಲಿವರ್ ಊದಿಕೊಂಡಿದೆ, ವಾಸಿಯಾಗುತ್ತದೆ ಎಂದು ಹೇಳಿ, ನಿನ್ನನ್ನು ಮಾತ್ರ ಪಕ್ಕಕ್ಕೆ ಕರೆದು ಡಾಕ್ಟರು ಕ್ಯಾನ್ಸರ್ ಎಂದರು, ಕ್ರಿಸ್‌ಮಸ್ ದಾಟುವುದು ಕಷ್ಟ ಎಂದರು. ಆ ಮಾತನ್ನು ಎದೆಯಲ್ಲಿಟ್ಟುಕೊಂಡು ನೀನು ಅಷ್ಟು ದೂರದಲ್ಲಿ ಕೆಲಸ ಮಾಡುತ್ತಿದ್ದೀಯ. ಅಪ್ಪ ಇರುವಷ್ಟು ದಿನ ಗೆದ್ದೆ ಅಂದುಕೊಂಡು ಇರಲಿ ಅನ್ನಿಸಿತು ನಿನಗೆ. ಯಾವ ಮಗಳಿಗಾದರೂ ಅನ್ನಿಸುತ್ತದೆ.

ಆದರೆ ನಮ್ಮ ಕೆಲಸದಲ್ಲಿ ಆ ಸುಳ್ಳು ನಡೆಯುವುದಿಲ್ಲ ದೀಪಾ. ಯಾಕೆಂದು ಬಿಡಿಸಿ ಹೇಳುತ್ತೇನೆ. ನಿಮ್ಮಪ್ಪ ಇಷ್ಟು ವರ್ಷ ಏನು ಮಾಡುತ್ತಿದ್ದರೆಂದು ನೀನು ಒಂದು ದಿನವೂ ಕೂತು ಕೇಳಿದವಳಲ್ಲ. ಕೇಳಿದ್ದರೆ ಅವರು ಊಟ ಬಿಟ್ಟು ಹೇಳುತ್ತಿದ್ದರು, ಅದು ಬೇರೆ ಮಾತು.

ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ, ಅದರೊಳಗೆ ಪ್ರೋಟಾನು, ನ್ಯೂಟ್ರಾನುಗಳಿವೆ, ಇಷ್ಟು ನಿನಗೂ ಗೊತ್ತು. ಹೊರಗಿನಿಂದ ಸರಿಯಾದ ಪೆಟ್ಟು ಬಿದ್ದರೆ ಅವು ಬಿಡಿಬಿಡಿಯಾಗಿ ಅಲ್ಲಾಡುವುದಿಲ್ಲ. ಅರ್ಧ ತುಂಬಿದ ಕೊಡದ ನೀರು ತುಳುಕುವ ಹಾಗೆ ಎಲ್ಲವೂ ಸೇರಿ ಒಟ್ಟಿಗೆ ತೂಗಾಡುತ್ತವೆ. ಇದರ ನಡುವೆ ಇನ್ನೊಂದು ನಿಧಾನದ ಕೆಲಸ ನಡೆಯುತ್ತದೆ. ದುರ್ಬಲ ಬಲ ಎಂಬುದರಿಂದ ಒಂದು ನ್ಯೂಟ್ರಾನು ಪ್ರೋಟಾನಾಗಿ ಬದಲಾಗುತ್ತದೆ. ಆ ಒಟ್ಟು ತೂಗಾಟವು ಈ ಬದಲಾವಣೆಗೆ ಎಷ್ಟರಮಟ್ಟಿಗೆ ದಾರಿ ಮಾಡಿಕೊಡುತ್ತದೆ ಎಂದು ಲೆಕ್ಕ ಹಾಕುವುದು ಸರ್ ಕೆಲಸ, ಅವರಿಂದ ಕಲಿತು ಈಗ ನನ್ನದೂ ಕೆಲಸ. ಈ ಲೆಕ್ಕದಲ್ಲಿ ಒಂದು ತಮಾಷೆಯಿದೆ. ಯಾರು ಹಾಕಿದರೂ ಉತ್ತರ ಅಳತೆಗಿಂತ ಜಾಸ್ತಿಯೇ ಬರುತ್ತದೆ. ಒಂದಷ್ಟು ಕಾರಣ ಗೊತ್ತು, ಎಲ್ಲವನ್ನೂ ಲೆಕ್ಕದೊಳಗೆ ತರುವುದಕ್ಕೆ ನಮ್ಮ ಕೈಲಿ ಆಗುವುದಿಲ್ಲ. ಅದಕ್ಕೆ ಕೊನೆಯಲ್ಲಿ ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದ ಗುಣಿಸಿ ಉತ್ತರವನ್ನು ತಗ್ಗಿಸಿಕೊಳ್ಳುತ್ತೇವೆ. ಅದು ಕಳ್ಳತನವೇನಲ್ಲ, ಎಲ್ಲರೂ ಹೇಳಿಯೇ ಮಾಡುವ ವಾಡಿಕೆ.

ಸರ್ ಮಾತ್ರ ತಗ್ಗಿಸುತ್ತಿರಲಿಲ್ಲ. ಕೊನೆಯ ಪೇಪರಿನಲ್ಲಿ, ಬೇರೆಯವರು ಬಿಟ್ಟುಬಿಡುವ ಜಟಿಲ ಚಲನೆಗಳನ್ನೆಲ್ಲ ಸೇರಿಸಿ ಲೆಕ್ಕ ಮಾಡಿದರು. ರಿಟೈರಾದ ಮೇಲಿನ ಅವರ ಬದುಕೆಲ್ಲ ಅದಕ್ಕೇ ಹೋಯಿತು. ಅಳತೆ ಬರುವ ಮೊದಲೇ ಅಚ್ಚು ಹಾಕಿಸಿ, ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ ಬರೆದರು. ಅಳತೆ ನನ್ನ ಲೆಕ್ಕಕ್ಕಿಂತ ಹತ್ತನೇ ಒಂದು ಭಾಗ ಕಡಿಮೆ ಬರುತ್ತದೆ, ನಾನು ಸೇರಿಸಲಾಗದೆ ಬಿಟ್ಟದ್ದು ಅಷ್ಟಿದೆ ಎಂದು. ಅಷ್ಟು ಕಡಿಮೆ ಬಂದರೆ ಅವರು ಗೆದ್ದಂತೆ. ಒಂದು ಚೂರೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡರೆ ಎಲ್ಲೋ ತಪ್ಪಾಗಿದೆ ಎಂದರ್ಥ. ನೀನು ಅವರಿಗೆ ಹೇಳಿದ್ದು ಅದನ್ನೇ ಕಣೇ. ಪಾಪ, ಬೇರೆ ಯಾವ ಅಪ್ಪನಿಗೆ ಹೇಳಿದ್ದರೂ ಅದು ಸಿಹಿ ಸುದ್ದಿ.

ಮಾರನೆಯ ದಿನ ಹೊಳೆನರಸೀಪುರದ ಕಾಲೇಜಿನಲ್ಲಿ ಪಾಠ ಮುಗಿಸಿ, ಹಾಸನದಲ್ಲಿ ರೈಲಿಳಿದು ನಿಮ್ಮ ಮನೆಗೆ ಹೋದರೆ, ನಿನ್ನ ಸೋದರತ್ತೆ ಹೊನ್ನಕ್ಕ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡರು. ಮಗಳು ಫೋನ್ ಮಾಡಿದಾಗಿನಿಂದ ನಮ್ಮಣ್ಣ ಗಂಜಿ ಕುಡಿದಿಲ್ಲ, ಅದೇನ್ ಹೇಳುದ್ಲೋ ಕಾಣೆ ಎಂದರು. ಒಳಗೆ ಸರ್ ಹೊಟ್ಟೆಗೆ ದಿಂಬು ಒತ್ತಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಕಣ್ಣು ಅರಿಶಿನದ ಹಾಗೆ ಹಳದಿಯಾಗಿತ್ತು. ನನ್ನನ್ನು ನೋಡಿದವರೇ, 'ಬಿಂದು, ಎಲ್ಲೋ ಎಡವಟ್ಟಾಗೈತೆ ಕಣಮ್ಮ. ತಾಳೆ ಆಗ್ಬಾರ್ದಾಗಿತ್ತು' ಎಂದರು.

ಆಗಲೇ ಹೇಳಬೇಕಿತ್ತು. ನೀನು ಹೇಳಿದ್ದನ್ನು ನಾನು ಹೇಗೆ ಸುಳ್ಳು ಮಾಡಲಿ ಎಂದು ತಡೆದುಕೊಂಡೆ. ಆ ಅಳತೆಯ ಪೇಪರು ಇನ್ನೂ ಹೊರಗೆ ಬಂದಿಲ್ಲ, ಸಮ್ಮೇಳನದಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಷ್ಟೇ, ಹಾಗಾಗಿ ಅವರಿಗೆ ತಾವೇ ನೋಡುವ ದಾರಿಯೂ ಇರಲಿಲ್ಲ. ನನ್ನ ಮಾತನ್ನು ನಂಬಿದರು. ನಾನು ಹೇಳದೇ ಇದ್ದ ಮಾತನ್ನು.

ಅಂದಿನಿಂದ ಹುಡುಕಾಟ ಶುರುವಾಯಿತು. ಈ ಭಾಗವನ್ನು ಬಿಟ್ಟು ಲೆಕ್ಕ ಓಡಿಸು, ಆ ಜೋಡಿಗಳನ್ನು ಎರಡು ಸಲ ಎಣಿಸಿದ್ದೇವಾ ನೋಡು, ಚಿಹ್ನೆ ತಪ್ಪಿದೆಯಾ ನೋಡು. ನಾನು ಕಾಲೇಜಿನ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಓಡಿಸಿಕೊಂಡು ಬಂದು ಹೇಳುತ್ತಿದ್ದೆ, ಅದೇ ಉತ್ತರ ಬಂತು ಸರ್ ಎಂದು. ಇಲ್ಲದ ತಪ್ಪನ್ನು ಎಲ್ಲಿಂದ ತರಲಿ? ಅವರು ತಲೆಯಾಡಿಸಿ ಇನ್ನೊಂದು ಜಾಗ ತೋರಿಸುತ್ತಿದ್ದರು. ಡಾಕ್ಟರು ಕೊಟ್ಟ ನೋವಿನ ಮಾತ್ರೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಟ್ಟರು. 'ಅದು ನುಂಗುದ್ರೆ ತಲೆ ಮಂಕಾಯ್ತದೆ, ಇದೊಂದ್ ಮುಗೀಲಿ' ಎನ್ನುತ್ತಿದ್ದರು. ಆ ನೋವು ಎಂಥದ್ದೆಂದು ನಿನಗೆ ಡಾಕ್ಟರು ಹೇಳಿರಬೇಕು, ನಾನು ಕಣ್ಣಾರೆ ಕಂಡೆ. ಮಾತನಾಡುತ್ತಿದ್ದವರು ನಡುವೆ ನಿಲ್ಲಿಸಿ, ಮಂಚದ ಪಟ್ಟಿ ಹಿಡಿದುಕೊಂಡು ಕಣ್ಣು ಮುಚ್ಚುವರು. ಅದು ಇಳಿದ ಮೇಲೆ, ಎಲ್ಲಿದ್ದೆವು ಎಂದು ಕೇಳುವರು.

ತಪ್ಪು ಸಿಗದಿದ್ದರೂ ಪೇಪರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಕಳೆದ ವಾರ ನಿರ್ಧಾರ ಮಾಡಿದರು. ಬೇರೆಯವರು ಅದನ್ನು ನಂಬಿಕೊಂಡು ಮುಂದಿನ ಲೆಕ್ಕ ಹಾಕುತ್ತಾರೆ, ಅದು ಮೋಸ ಎಂದರು. ಅದನ್ನು ಅಚ್ಚು ಹಾಕಿದ ಪತ್ರಿಕೆಯವರಿಗೆ ಬರೆಯುವ ಮೇಲ್ ನನ್ನ ಕೈಯಲ್ಲಿ ಟೈಪ್ ಮಾಡಿಸಿದರು. ಅವರ ಜೀವಮಾನದ ಅತ್ಯಂತ ಒಳ್ಳೆಯ ಕೆಲಸ, ಒಂದು ತಪ್ಪೂ ಇಲ್ಲದ ಲೆಕ್ಕ, ಅದು ತಪ್ಪು ಎಂದು ನಾನೇ ಟೈಪ್ ಮಾಡಿದೆ. ಶುಕ್ರವಾರ ಬಂದು ಕಳಿಸುತ್ತೇನೆ ಸರ್, ನೆಟ್ ಸರಿಯಿಲ್ಲ ಎಂದು ಹೇಳಿ ತಪ್ಪಿಸಿಕೊಂಡು ಬಂದೆ.

ಶುಕ್ರವಾರ ಹೋದಾಗ ಹೊನ್ನಕ್ಕ ಅಡಿಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. ನಿನ್ನ ಅತ್ತೆಯ ಬಾಯಿ ನಿನಗೆ ಗೊತ್ತಲ್ಲ. 'ಅವ್ನು ಕುಣ್ದಂಗೆ ನೀನೂ ಕುಣೀತಾ ಕೂತಿದ್ದೀಯ. ಆ ಪರಮಾಣು ಒಡ್ದು ಚೂರಾಗ್ಲಿ, ನಮ್ಮಣ್ಣ ಒಂದ್ ಮಾತ್ರೆ ನುಂಗ್ಲಿ ಮೊದ್ಲು. ಓದ್ದೋಳು ನೀನು, ಮುಖ ನೋಡುದ್ರೆ ಗೊತ್ತಾಯ್ತದೆ, ಏನೋ ಮುಚ್ಚಿಕ್ಕಂಡಿದ್ದೀಯ. ಹೇಳೋದಿದ್ರೆ ಹೇಳ್ಬುಡು, ಇಲ್ದಿದ್ರೆ ನಾಳೆಯಿಂದ ಬರ್ಬೇಡ' ಎಂದರು. ನಮ್ಮ ಮಲ್ಲಿಪಟ್ಟಣದ ಕೇರಿಯಿಂದ ಬಂದ ನಾನು ಪಿಯುಸಿಯಲ್ಲಿ ನಿನ್ನ ಜೊತೆ ಮೊದಲ ಸಲ ನಿಮ್ಮ ಮನೆಗೆ ಬಂದಾಗ, ಒಳಗೆ ಬರಲು ಅಳುಕಿ ಹೊಸಿಲಾಚೆ ನಿಂತಿದ್ದೆ. ಕೈ ಹಿಡಿದು ಒಳಗೆ ಎಳೆದುಕೊಂಡವಳು ನೀನು, ತಟ್ಟೆ ಹಾಕಿದವರು ಹೊನ್ನಕ್ಕ. ಆ ಹೊನ್ನಕ್ಕ ಬರಬೇಡ ಎಂದಾಗ ನೇರ ಸರ್ ಕೋಣೆಗೆ ನಡೆದೆ.

ಸರ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಹೇಳಿದೆ. ದೀಪಾ ನಿಮಗೆ ನೋವಾಗದಿರಲಿ ಎಂದು ಹಾಗೆ ಹೇಳಿದಳು ಸರ್, ನಾನೂ ಸುಮ್ಮನಿದ್ದೆ, ಅದು ತಾಳೆಯಾಗಿಲ್ಲ ಎಂದೆ. ಅವರು ಬೇರೇನೂ ಕೇಳಲಿಲ್ಲ. ಅಳತೆ ಎಷ್ಟು ಎಂದು ಕೇಳಿದರು. ಹೇಳಿದೆ. ಬಾಯಲ್ಲೇ ಲೆಕ್ಕ ಹಾಕಿಕೊಂಡರು. 'ಮೂರ್ನೇ ಒಂದು ಭಾಗ ಕಮ್ಮಿ' ಎಂದರು. ಅಳತೆ ಮಾಡಿದವರು ಜೋಪಾನವಾಗಿ ಮಾಡಿದ್ದಾರಾ ಎಂದು ಕೇಳಿದರು. ಬಹಳ ಜೋಪಾನವಾಗಿ ಮಾಡಿದ್ದಾರೆ ಸರ್ ಎಂದೆ. 'ಅಂಗಾದ್ರೆ ನಾನು ಅಷ್ಟೆಲ್ಲ ಸೇರ್ಸಿದ್ರಿಂದ ಏನೂ ಆಗ್ಲಿಲ್ಲ' ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ನನಗೆ ಅಳು ತಡೆಯಲಾಗಲಿಲ್ಲ ದೀಪಾ. ಅವರು ಅಳಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು. 'ಸೋತಿದ್ದು ಗೊತ್ತಾಯ್ತಲ್ಲ, ಬಿಡು. ಆ ಮೇಲ್ ಕಳಿಸ್ಬೇಡ. ಲೆಕ್ಕ ಸರ್ಯಾಗೈತೆ, ನನ್ನ ಊಹೆ ತಪ್ಪು. ಪೇಪರ್ ಅಂಗೇ ಇರ್ಲಿ. ಈ ದಾರೀಲಿ ಹೋದ್ರೆ ಏನೂ ಸಿಗಲ್ಲ ಅಂತ ಮುಂದ್ಲೋರಿಗೆ ತಿಳೀಲಿ.' ಆಮೇಲೆ ಲ್ಯಾಪ್‌ಟಾಪನ್ನು ತಾವೇ ಮುಚ್ಚಿದರು. ಹೊನ್ನಕ್ಕನನ್ನು ಕೂಗಿ ಮಾತ್ರೆ ಕೇಳಿದರು. ಅರ್ಧ ಲೋಟ ಗಂಜಿ ಕುಡಿದು ಮಲಗಿದವರು ದೀಪ ಹಚ್ಚುವ ಹೊತ್ತಿನವರೆಗೂ ಎದ್ದಿರಲಿಲ್ಲ. ಅಷ್ಟು ದಿನದ ಮೇಲೆ ಹೊನ್ನಕ್ಕನೂ ಗೋಡೆಗೆ ಒರಗಿಕೊಂಡು ಕೂತಲ್ಲೇ ನಿದ್ದೆ ಹೋದರು. ನಿನ್ನ ಬಗ್ಗೆ ಸರ್ ಒಂದು ಮಾತೂ ಆಡಲಿಲ್ಲ.

ಈಗ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಎಳೆಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ನಿನ್ನೆ ಹೊನ್ನಕ್ಕ ಸೊಗಡವರೆ ಬಿಡಿಸುತ್ತಿದ್ದರೆ ತಾವೂ ನಾಲ್ಕು ಕಾಯಿ ಬಿಡಿಸಿದರು. ಹರದನಹಳ್ಳಿಯಲ್ಲಿ ನಿಮ್ಮಜ್ಜಿ ಮಾಡುತ್ತಿದ್ದ ಹಿದುಕಿದ ಬೇಳೆ ಸಾರಿನ ಮಾತು ಬಂತು. ಅಣ್ಣ ತಂಗಿ ಅದಕ್ಕೇ ಅಷ್ಟು ಹೊತ್ತು ಜಗಳವಾಡಿದರು. ತೂಕ ಬಹಳ ಇಳಿದಿದೆ. ನೀನು ಬಂದಾಗ ನೋಡಿ ಗಾಬರಿಯಾಗಬೇಡ ಎಂದು ಮೊದಲೇ ಹೇಳುತ್ತಿದ್ದೇನೆ.

ಡಾಕ್ಟರು ಹೇಳಿದ್ದು ಗೊತ್ತಿದ್ದೂ ಸಂಕ್ರಾಂತಿಗೆ ರಜೆ ಹಾಕಿ ಬರುತ್ತೇನೆ ಎಂದು ಹೊನ್ನಕ್ಕನಿಗೆ ಹೇಳಿದ್ದೀಯಂತೆ. ಸಂಕ್ರಾಂತಿ ಬೇಡ ಕಣೇ. ಈ ಕಾಗದ ಕೈಗೆ ಸಿಕ್ಕ ದಿನವೇ ಹೊರಡು. ಅಪ್ಪನ ಎದುರು ಕೂತು ಏನು ಮಾತಾಡಲಿ, ನಮ್ಮಿಬ್ಬರ ನಡುವೆ ಮಾತೇ ಇಲ್ಲ ಎಂದು ಹಾಸ್ಟೆಲಿನಲ್ಲಿ ಎಷ್ಟೋ ಸಲ ಹೇಳಿದ್ದೀಯ. ಮಾತಾಡಬೇಡ. ಅವರೆಕಾಯಿ ಬಿಡಿಸುತ್ತಾ ಕೂತುಕೋ ಸಾಕು. ನನ್ನ ಮೇಲೆ ಕೋಪವಿದ್ದರೆ ಅದನ್ನೂ ಜೊತೆಗೆ ತಂದುಬಿಡು, ಹಾಸನ ಬಸ್‌ಸ್ಟ್ಯಾಂಡಿನಲ್ಲೇ ಬೈಯುವೆಯಂತೆ. ಎಷ್ಟೊತ್ತಿಗೆ ಬಂದರೂ ನಾನು ಬಂದು ನಿಂತಿರುತ್ತೇನೆ.

ನಿನ್ನ ಮೇಲೆ ಸಿಟ್ಟಿತ್ತು ಎಂದು ಬರೆದೆ. ಈಗ ಇಲ್ಲ.

ನಿನ್ನ,
ಬಿಂದು

ಮರೆತದ್ದಲ್ಲ, ಮುಚ್ಚಿಟ್ಟದ್ದು: ಕವರು ಅಂಟಿಸಲು ಕೂತರೆ ಕೈ ಬರುತ್ತಿಲ್ಲ. ನಿನ್ನ ಬಗ್ಗೆ ಸರ್ ಒಂದು ಮಾತೂ ಆಡಲಿಲ್ಲ ಎಂದು ಬರೆದದ್ದು ಸುಳ್ಳು. ನಿನಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಶುಕ್ರವಾರ ಮಾತ್ರೆ ನುಂಗಿ ಮಲಗುವ ಮೊದಲು ನನ್ನನ್ನು ಹತ್ತಿರ ಕರೆದರು. 'ನಮ್ಮ ದೀಪಾ ಸುಮ್‌ಸುಮ್ನೆ ಸುಳ್ಳು ಹೇಳೋಳಲ್ಲ. ಡಾಕ್ಟ್ರು ಎಷ್ಟು ದಿನ ಅಂತ ಹೇಳವ್ರೆ?' ಎಂದು ಕೇಳಿದರು. ನನ್ನ ಮುಖ ನೋಡಿ ಅವರೇ ತಿಳಿದುಕೊಂಡರು. ನನಗೆ ಗೊತ್ತಾಯಿತು ಎಂದು ಅವಳಿಗೆ ಹೇಳಬೇಡ, ಹೆದರಿಕೊಳ್ಳುತ್ತಾಳೆ ಎಂದರು. ಮೊನ್ನೆ ಭಾನುವಾರ ನೀನು ಫೋನ್ ಮಾಡಿ ಲೆಕ್ಕದ ಮಾತು ತೆಗೆದಾಗ, 'ಊಂ ಕಣವ್ವ, ಚೂರೂ ಎಚ್ಚುಕಮ್ಮಿ ಇಲ್ದಂಗೆ ತಾಳೆ ಆಗೈತೆ, ಬಾಳ ಸಂತೋಷ ಆಯ್ತು' ಎಂದರಲ್ಲ. ನಾನು ಪಕ್ಕದಲ್ಲೇ ಇದ್ದೆ. ಅವರು ಅದನ್ನು ಹೇಳಿದ್ದು ಎಲ್ಲ ತಿಳಿದ ಮೇಲೆ.