ಸತ್ತ ಅಡುಗೆಯವಳು ಬಡಿಸಿದ ಗಂಜಿ

ಏಪ್ರಿಲ್ 3, ಗುರುವಾರ

ಮೇ ತಿಂಗಳ ಚರ್ಚಿನ ಮೆರವಣಿಗೆಯ ಗೌನು, ಎರಡನೆಯದು. ಸೊಂಟಕ್ಕೆ ಮತ್ತೆ ಒಂದು ಇಂಚು ಬಿಡಬೇಕು — ಹುಡುಗಿ ತಿನ್ನುವುದು ನಿಲ್ಲಿಸಿಲ್ಲ. ಎಂಟಕ್ಕೆ ಮೆಷಿನ್ ಮುಚ್ಚಿ ಪಕ್ಕದ ಮನೆಯ ಸಿಯೊನಿಂಗಳ ಅಂಗಡಿಗೆ. ಬೆಂಚು, ಹುರಿದ ಕಡಲೆಕಾಯಿ, ಟಿವಿ. ‘ಏಳು ಕಡಲಿನ ರಾಣಿ’ ಧಾರಾವಾಹಿ.

ನಿನ್ನೆ ರಾಜಕುಮಾರಿಯ ರವಿಕೆಯ ಎಡತೋಳನ್ನು ಮೊಸಳೆ ಹರಿದಿತ್ತು. ಇವತ್ತು ತೋಳು ಹೊಚ್ಚಹೊಸದು. ಆ ದ್ವೀಪದಲ್ಲಿ ಸೂಜಿ ಎಲ್ಲಿಂದ ಬಂತು? ನಲವತ್ತು ವರ್ಷ ಹೊಲಿದವನ ಕಣ್ಣಿಗೆ ಬೀಳದಿರುತ್ತದೆಯೇ. ಹೇಳಿದೆ. ರೆಕ್ಕೆಯ ಕುದುರೆಯನ್ನು ಲಾಯದಲ್ಲಿ ಕಟ್ಟಿಹಾಕಿ ಮೂರು ವಾರದಿಂದ ದೋಣಿಗೆ ಹುಟ್ಟು ಹಾಕುತ್ತಿದ್ದಾರಲ್ಲ, ಅದನ್ನೂ ಹೇಳಿದೆ.

"ಮಾಂಗ್ ಉರ್ಬಾನೊ, ನಿಮ್ಮ ಬಾಯಿಗೂ ಒಂದು ಗುಂಡಿ ಹೊಲ್ಕೊಳ್ಳಿ" ಎಂದ ಜೀಪ್ನಿ ಬಸ್ಸು ಓಡಿಸುವ ಕಾರ್ದಿಂಗ್. ಎಲ್ಲರೂ ನಕ್ಕರು. ನಾನೂ. ಸ್ವಲ್ಪ.

ಏಪ್ರಿಲ್ 7, ಸೋಮವಾರ

ಹೊರಗೆ ಹಾಕಿದರು.

ಕಿವುಡ ಮಂತ್ರಿ ಬಾಗಿಲ ಹಿಂದೆ ನಿಂತು ಗುಟ್ಟು ಕದ್ದು ಕೇಳಿದ. ಕಿವುಡ, ಸ್ವಾಮಿ. ತಡೆಯಲಾಗದೆ ಎದ್ದು ನಿಂತು ಕೂಗಿಬಿಟ್ಟೆ. ನನ್ನ ಕೂಗಿನಲ್ಲಿ ಗುಟ್ಟು ಏನೆಂದು ಬೆಂಚಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಸಿಯೊನಿಂಗ್ ಟಿವಿಗೆ ಅಡ್ಡ ಬಂದಳು. "ಬೆಳಗ್ಗೆಯಿಂದ ಅಂಗಡೀಲಿ ನಿಂತು ಕಾಲು ಬಿದ್ದುಹೋಗಿರತ್ತೆ. ನಂಗಿರೋದು ಈ ಅರ್ಧ ಗಂಟೆ. ಅದನ್ನೂ ಬಿಚ್ಚಿ ಬಿಚ್ಚಿ ಇಡ್ತೀರಲ್ಲ. ಸುಮ್ನಿರೋಕಾದ್ರೆ ಬನ್ನಿ, ಇಲ್ದಿದ್ರೆ ನಿಮ್ಮನೇಲೇ ನೋಡ್ಕೊಳ್ಳಿ."

ಮನೆಗೆ ಬಂದೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹೆಂಡತಿ ತೀರಿಹೋಗಿ ಆರು ವರ್ಷ. ಆ ಬೆಂಚೊಂದೇ ನನಗೆ ಉಳಿದಿದ್ದ ಸಂಸಾರ.

ಏಪ್ರಿಲ್ 11, ಶುಕ್ರವಾರ

ಬೇರೆ ಧಾರಾವಾಹಿಯ ಹುಡುಕಾಟ. ಮೊದಲನೆಯದರಲ್ಲಿ ಮಾತಾಡುವ ಹಂದಿ — ಐದೇ ನಿಮಿಷ. ಎರಡನೆಯದರಲ್ಲಿ ಎಲ್ಲರಿಗೂ ಮರೆವಿನ ರೋಗ, ಬರೆದವನಿಗೂ. ಮೂರನೆಯದು ಕೊರಿಯಾದ್ದು, ನಮ್ಮ ತಗಾಲೊಗ್ ಮಾತು ಕೂಡಿಸಿದ್ದು, ದಿನಕ್ಕೆ ಮೂರು ಕಂತು. ಅಬ್ಬಾ. ಒಂದು ಹೊಲಿಗೆ ಬಿಟ್ಟಿಲ್ಲ. ಮೊದಲ ಕಂತಿನಲ್ಲಿ ಹಲ್ಲು ಮುರಿದ ಬಾಚಣಿಗೆ ಒಂಬತ್ತನೆಯದರಲ್ಲೂ ಮುರಿದೇ ಇದೆ.

"ನೋಡಿದ್ಯಾ, ಬಾಚಣಿಗೆ" ಎಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಇಸ್ತ್ರಿಗಿಟ್ಟ ಪ್ಯಾಂಟುಗಳು.

ಟಿವಿ ಆರಿಸಿದೆ. ಅಷ್ಟು ಒಳ್ಳೆಯದನ್ನು ಒಬ್ಬನೇ ನೋಡಲು ಆಗಲಿಲ್ಲ.

ಏಪ್ರಿಲ್ 16, ಬುಧವಾರ

ಸಿಯೊನಿಂಗಳ ಟಿವಿಯನ್ನು ಗೋಡೆಗೆ ಕಿವಿ ಇಟ್ಟು ಕೇಳಲಿಲ್ಲ. ಹತ್ತಿರ ಕೂತಿದ್ದೆ, ಅಷ್ಟೇ. ರಾಜಕುಮಾರಿಯನ್ನು ಜ್ವಾಲಾಮುಖಿಗೆ ತಳ್ಳಿ, ಅಲ್ಲಿಗೇ ನಿಲ್ಲಿಸಿದರು. ನಾಳೆಯಿಂದ ಹಬ್ಬದವರೆಗೆ ಟಿವಿಯಲ್ಲಿ ಬರೀ ಪ್ರಾರ್ಥನೆ, ಉಪದೇಶ. ಮುಂದಿನ ಕಂತು ಈಸ್ಟರ್ ಕಳೆದ ಸೋಮವಾರ. ಬೀದಿಯಿಡೀ ಬಾಯಿ ಬಡಿದುಕೊಂಡಿತು.

ಏಪ್ರಿಲ್ 18, ಶುಭ ಶುಕ್ರವಾರ, ಸಂಜೆ

ಮಧ್ಯಾಹ್ನ, ಬೀದಿಯ ಪುಟ್ಟ ಚರ್ಚಿನಲ್ಲಿ ಯೇಸುವಿನ ಯಾತನೆಯ ಪದ್ಯ ಹಾಡುವ ನನ್ನ ಸರದಿ ಮುಗಿಸಿ ಹೊರಬಂದೆ. ಗಂಟಲು ಒಣಗಿತ್ತು. ಸಿಯೊನಿಂಗ್ ಶುಂಠಿ ಕಷಾಯ ಕೈಗಿಟ್ಟಳು. ಹನ್ನೊಂದು ದಿನದ ಮೇಲೆ ಮಾತು.

"ಅವಳು ಬದುಕ್ತಾಳಾ?"

"ಯಾರು?"

"ಗೊತ್ತಿಲ್ಲದೋರ ಥರ ಆಡ್ಬೇಡಿ. ಎರಡು ದಿನದಿಂದ ನಿದ್ದೆ ಇಲ್ಲ ನಂಗೆ. ಎಲ್ಲಿ ತಪ್ಪು ಅಂತ ಅಷ್ಟು ಗೊತ್ತಲ್ಲ, ಸರಿ ಯಾವ್ದು ಅಂತ ಹೇಳಿ ನೋಡೋಣ."

ಹೇಳಿದೆ. ಪಿಸುಮಾತಿನಲ್ಲೇ — ಇವತ್ತು ಗಟ್ಟಿಯಾಗಿ ಮಾತಾಡುವಂತಿಲ್ಲ, ನಗುವಂತಂತೂ ಇಲ್ಲವೇ ಇಲ್ಲ. ಕಾರ್ದಿಂಗ್ ಬಂದು ಕೂತ. ಇನ್ನೂ ಐದಾರು ಜನ. ನನ್ನ ಕಥೆಯಲ್ಲಿ ಅರಮನೆಯ ಅಡುಗೆಯವಳು ಮೀನಿನ ಬಲೆ ಬೀಸಿ ರಾಜಕುಮಾರಿಯನ್ನು ಮೇಲೆತ್ತಿದಳು. ಎತ್ತಿದವಳೇ, "ಬೆಂಕಿ ಹತ್ರ ಹೋಗ್ಬೇಡ ಅಂತ ಎಷ್ಟು ಸಲ ಬಡ್ಕೊಂಡೆ" ಎಂದು ಕೆನ್ನೆಗೆ ಬಾರಿಸಿದಳು. ಎಲ್ಲರೂ ಗೊಳ್ಳೆಂದರು. ಸರಿಯಾಗಿ ಮೂರು ಗಂಟೆಗೆ.

ಪದ್ಯ ಹಾಡಿಸುವ ಅಜ್ಜಿ, ಲೋಲಾ ಇಪ್ಪಾ, ಪುಸ್ತಕ ಹಿಡಿದೇ ಹೊರಬಂದಳು. "ದೇವರು ಪ್ರಾಣ ಬಿಟ್ಟ ಗಳಿಗೆ. ನೀವು ಹಲ್ಲು ಕಿಸೀತಿದ್ದೀರಾ."

ಹೆದರಿಹೋದೆ. ಪ್ರಾಯಶ್ಚಿತ್ತಕ್ಕೆಂದು ಅಡುಗೆಯವಳನ್ನು ಅಲ್ಲೇ ಕೊಂದೆ. ಹೊಗೆ ಕುಡಿದು ಸತ್ತಳು ಎಂದೆ. ಎಲ್ಲರ ಮುಖ ಶುಕ್ರವಾರಕ್ಕೆ ತಕ್ಕಂತಾಯಿತು. "ಹೂಂ, ಈಗ ಸರಿ" ಎಂದು ಲೋಲಾ ಇಪ್ಪಾ ತಾನೂ ಕೂತಳು.

ಏಪ್ರಿಲ್ 21, ಸೋಮವಾರ

ಬೆಂಚಿನ ತುದಿಯಲ್ಲಿ ಜಾಗ ಕೊಟ್ಟರು. ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿಕೊಂಡು ಕೂತೆ. ಜ್ವಾಲಾಮುಖಿಗೆ ಬಿದ್ದವಳು ರಾಜಕುಮಾರಿಯಲ್ಲವಂತೆ, ಅವಳಿ ತಂಗಿಯಂತೆ. ಇಷ್ಟು ದಿನ ಆ ತಂಗಿ ಎಲ್ಲಿದ್ದಳೋ. ಎಲ್ಲರೂ ನನ್ನನ್ನು ನೋಡಿದರು. ನಾನು ಕಡಲೆಕಾಯಿ ನೋಡಿದೆ.

"ಥೂ" ಎಂದವಳು ಸಿಯೊನಿಂಗ್. ಟಿವಿಯ ಸದ್ದು ಅವಳೇ ಅಡಗಿಸಿದಳು. "ನಿಮ್ದೇ ಹೇಳಿ, ಮಾಂಗ್ ಉರ್ಬಾನೊ. ಇದಕ್ಕಿಂತ ಅದೇ ವಾಸಿ."

ಏಪ್ರಿಲ್ 23, ಬುಧವಾರ

ಮೂರು ಸಂಜೆಯಿಂದ ಟಿವಿ ಮೂಕ, ನನ್ನದೇ ಕಥೆ. ಇವತ್ತು ರಾಜಕುಮಾರಿ ಹಸಿದು ಅರಮನೆಗೆ ಬಂದಳು. ಅಡುಗೆಯವಳು ಬಿಸಿ ಗಂಜಿ ಬಡಿಸಿದಳು.

"ಅವಳು ಶುಕ್ರವಾರಾನೇ ಸತ್ತಳಲ್ಲ" ಎಂದಳು ಲೋಲಾ ಇಪ್ಪಾ.

ಕಾರ್ದಿಂಗ್ ಬೆಂಚಿನ ಮೇಲೆ ಹತ್ತಿ ನಿಂತ. "ಸತ್ತೋರಿಗೆ ಮಾಡೋ ಒಂಬತ್ತು ದಿನದ ಪ್ರಾರ್ಥನೆ ಕೂಡ ಮುಗಿದಿಲ್ಲ, ಆಗ್ಲೇ ಒಲೆ ಮುಂದೆ ಬಂದ್ಬಿಟ್ಳಾ."

ಹೊಲಿಗೆ ಬಿಟ್ಟವನು ಯಾರು? ನಾನು. ನನ್ನ ಕಥೆಯಲ್ಲಿ. ಮುಖ ಬಿಸಿಯಾಯಿತು. ಇನ್ನೊಮ್ಮೆ ಹೊರಗೆ ಹಾಕುತ್ತಾರೆ ಎಂದು ನಾನೇ ಎದ್ದೆ. ಸಿಯೊನಿಂಗ್ ಕೈ ಹಿಡಿದು ಕೂರಿಸಿದಳು. "ಎಲ್ಲಿಗೆ ಹೊರಟ್ರಿ? ಈಗ ಶುರುವಾಯ್ತು ಮಜಾ."

ಅರ್ಧ ಗಂಟೆ ಬೈದರು. ಇಷ್ಟು ಸಂತೋಷದಿಂದ ಬೈಸಿಕೊಂಡಿದ್ದು ಈ ಜನ್ಮದಲ್ಲಿಲ್ಲ.

ಏಪ್ರಿಲ್ 24, ಗುರುವಾರ, ಬೆಳಿಗ್ಗೆ 6

ಅಡುಗೆಯವಳನ್ನು ಬದುಕಿಸುವುದು ಹೇಗೆಂದು ಯೋಚಿಸುತ್ತಾ ಕೂತಿದ್ದೆ. ಬಾಗಿಲು ತಟ್ಟಿದ ಸದ್ದು. ಸಿಯೊನಿಂಗ್. ಅಂಗಡಿ ಇನ್ನೂ ತೆರೆದಿಲ್ಲ — ಅದನ್ನು ತೆರೆಯಲು ಇವಳು ತಡ ಮಾಡಿದ್ದು ನಾನಂತೂ ಕಂಡಿಲ್ಲ. ಒಂದು ಕೈಯಲ್ಲಿ ಬಿಸಿ ಬನ್ನು, ಇನ್ನೊಂದರಲ್ಲಿ ಬಿಸ್ಕತ್ತಿನ ರಟ್ಟು ಹರಿದು ಬರೆದ ಪಟ್ಟಿ.

"ಅಡುಗೆಯವಳೊಬ್ಬಳೇ ಅಲ್ಲ. ಇನ್ನೂ ಏಳು ತಪ್ಪಿದೆ. ಎಲ್ಲರ ಮುಂದೆ ನಿಮ್ಮ ಮಾನ ಯಾಕೆ ಕಳೀಲಿ ಅಂತ ಬಂದೆ. ಕಾಫಿಗೆ ಇಡಿ."

ಇಟ್ಟಿದ್ದೇನೆ. ಎರಡು ಲೋಟದಷ್ಟು ನೀರಿನ ಅಳತೆಯೇ ಮರೆತುಹೋಗಿತ್ತು. ಹೆಂಡತಿಯ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿ ತಾನೇ ಕೆಳಗಿಳಿಸಿ ಕೂತಿದ್ದಾಳೆ. ಬರೆಯೋದು ಆಮೇಲೆ, ಮೊದಲು ಇದನ್ನ ಕೇಳಿ ಅನ್ನುತ್ತಿದ್ದಾಳೆ. ಒಂದನೇ ತಪ್ಪು —