ಆಯುಧಪೂಜೆಯ ನೀಲಿ ದೀಪ

ಜರಗನಹಳ್ಳಿ
೬-೧೦-೧೯೮೪

ಡಾಕ್ಟರ್ ವೆಂಕಟಾಚಲ ಅವರಿಗೆ, ನಿಮ್ಮ ಲ್ಯಾಬಿನ ಅಟೆಂಡರ್ ಪಿಳ್ಳಣ್ಣನ ನಮಸ್ಕಾರಗಳು.

ವಾರ್ಡಿನ ಹುಡುಗಿ ಪಂಕಜಾಳ ರಕ್ತದ ಬಿಳಿ ಕಣಗಳು ಪರೀಕ್ಷೆಯ ಬಟ್ಟಲುಗಳಲ್ಲಿ ಸತ್ತದ್ದು ನೀವು ಹಾಕಿದ ಹೊಸ ಔಷಧಿಯಿಂದಲ್ಲ ಸಾರ್, ನನ್ನಿಂದ. ಆಯುಧಪೂಜೆಯ ದಿನ ಗಾಜಿನ ಪೆಟ್ಟಿಗೆಗೆ ಕುಂಕುಮವಿಟ್ಟು, ಹಬ್ಬದ ಬೆಳಕು ಬೀಳಲೆಂದು ಒಳಗಿದ್ದ ಆ ಬಟ್ಟಲುಗಳ ಮುಚ್ಚಳ ತೆಗೆದು, ಕ್ರಿಮಿ ಕೊಲ್ಲುವ ನೀಲಿ ದೀಪ ಹಚ್ಚಿದೆ. "ಆ ಬೆಳಕಿಗೆ ಕೈಯೊಡ್ಡಬೇಡ ಕಣಯ್ಯ, ಸುಡುತ್ತೆ" ಎಂದು ನೀವು ಹೇಳಿದ್ದಿರಿ. ನಾನು ಕೈಯೊಡ್ಡಲಿಲ್ಲ, ಬಟ್ಟಲು ಒಡ್ಡಿದೆ.

ನಿನ್ನೆ ಹುಡುಗಿಯ ತಾಯಿ ಈಶ್ವರಮ್ಮ, "ಸೋಮವಾರದಿಂದ ಔಷಧಿ ನಿಲ್ಲಿಸ್ತಾರಂತೆ ಅಣ್ಣ, ಈಗ್ತಾನೆ ಎದ್ದು ಓಡಾಡ್ತಿದ್ಲು" ಎಂದರು.

ಅದೇ ರಕ್ತಕ್ಕೆ ಅದೇ ಔಷಧಿ ಹಾಕಿದ ಒಂದು ಬಟ್ಟಲು, ಪೆಟ್ಟಿಗೆಯಲ್ಲಿ ಜಾಗ ಸಾಲದೆ, ಆ ಬೆಳಕು ಸೋಕದೆ, ಕಣಗಳನ್ನು ಬೆಚ್ಚಗಿಡುವ ಬೀರುವಿನಲ್ಲೇ ಉಳಿದಿದೆ. ಔಷಧಿ ನಿಲ್ಲಿಸುವ ಮೊದಲು ದಯವಿಟ್ಟು ಅದನ್ನು ನೋಡಿ. ಲ್ಯಾಬಿನ ಬೀಗದ ಕೈಯನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ.

ಇಂತಿ ನಿಮ್ಮ ವಿಧೇಯ,
ಪಿಳ್ಳಣ್ಣ