ಖಾಲಿ ತೊಟ್ಟಿಲು ತೂಗಲು ಬರುತ್ತೇವೆ

ದೇಶದ ಜನಸಂಖ್ಯೆಯ ಭವಿಷ್ಯ ಹೇಳುವ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ತಂಗಿ ಉಮ್ಸುನಾಯ್‌ಳ ಗರ್ಭಕೋಶ ತಿಂದವರು ನೀವು. ಕ್ಷೇಮವೇ ಎಂದು ಕೇಳುವ ಸೌಜನ್ಯ ಆಮೇಲೆ ನೋಡೋಣ.

ಅಂದು ನಿಮ್ಮ ನಕ್ಷೆಯಲ್ಲಿ ಜನನದ ಗೆರೆ ಮೇಲೇರುತ್ತಿತ್ತು. ಕಿರ್ಗಿಜ್ ಬೆಟ್ಟದ ಹೆಂಗಸರು ಹೀಗೇ ಹೆರುತ್ತಾ ಹೋದರೆ ಹುಲ್ಲುಗಾವಲಿನಲ್ಲಿ ಕುರಿಗೂ ಜಾಗವಿರದು ಎಂದು ಮುನ್ನಂದಾಜು ಬರೆದಿರಿ. ಬರೆದದ್ದು ಕಾಗದದ ಮೇಲೆ, ಇಳಿದದ್ದು ನಮ್ಮ ಹೊಟ್ಟೆಗೆ. ಮೊದಲ ಮಗಳನ್ನು ಹೆತ್ತು ಮೈಮರೆತು ಮಲಗಿದ್ದ ಉಮ್ಸುನಾಯ್‌ಗೆ, ಒಂದು ಮಾತೂ ಕೇಳದೆ, ಆಸ್ಪತ್ರೆಯವರು ಗರ್ಭ ತಡೆಯುವ ವಂಕಿ ಹಾಕಿ ಕಳಿಸಿದರು. ಮೇಲಿನಿಂದ ಬಂದ ಗುರಿ ಮುಟ್ಟಬೇಕಿತ್ತಲ್ಲ! ಒಳಗೇನಿದೆಯೆಂದು ತಿಳಿಯದ ಹುಡುಗಿ ಇನ್ನೊಂದು ಮಗುವಿಗಾಗಿ ಮಜಾರಿನ, ಸಂತರ ಗೋರಿಯ, ಮರಕ್ಕೆ ಬಟ್ಟೆಚೂರು ಕಟ್ಟಿದಳು, ಕಹಿಬೇರಿನ ಕಷಾಯ ಕುಡಿದಳು. ಚಹಾ ಬಗ್ಗಿಸುವಾಗಲೆಲ್ಲ ಅವಳ ಅತ್ತೆ, "ಕುದುರೆ ಬರಡಾದ್ರೆ ಮಾಂಸಕ್ಕಾದ್ರೂ ಬರ್ತದೆ. ನೀನು ಯಾತಕ್ಕೆ ಬರ್ತೀಯವ್ವ?" ಅನ್ನುತ್ತಿದ್ದರು. ಒಳಗೆ ಕೀವಾಗಿ, ಗರ್ಭಕೋಶವನ್ನೇ ಕತ್ತರಿಸಿ ತೆಗೆದ ದಿನ ವಂಕಿ ಹೊರಬಿತ್ತು. ಸತ್ಯವೂ.

ಈಗ ನಿಮ್ಮ ಗೆರೆ ಇಳಿಯುತ್ತಿದೆಯಂತೆ. ಫಲವಂತಿಕೆ ದರ ಕುಸಿಯಿತು, ದೇಶ ಮುದಿಯಾಗುತ್ತದೆ ಎಂದು ಅಳುತ್ತಿದ್ದೀರಿ. ಕೂಡಲೇ ಆಸ್ಪತ್ರೆಯ ಕಪಾಟಿನಿಂದ ಮಾತ್ರೆ, ವಂಕಿ ಎಲ್ಲ ಮಾಯ. ಕಳೆದ ಹೆರಿಗೆಯಲ್ಲಿ ಸಾವಿನ ಹೊಸಿಲು ಮುಟ್ಟಿ ಬಂದ ನೆರೆಮನೆಯ ಜಿಪಾರ್ ಮಾತ್ರೆ ಕೇಳಿದರೆ ಬರಿಗೈಯಲ್ಲಿ ಕಳಿಸುತ್ತಾರೆ. ಕೇಳದವಳಿಗೆ ತುರುಕಿದಿರಿ, ಕೇಳಿದವಳಿಗೆ ಇಲ್ಲವೆಂದಿರಿ. ಅಂದಾಜು ತಪ್ಪಿದರೆ ನೀವು ರಬ್ಬರಿನಿಂದ ಅಳಿಸುತ್ತೀರಿ. ನಾವು ಯಾವುದರಿಂದ ಅಳಿಸೋಣ?

ಮೊನ್ನೆ ನಿಮ್ಮ ಕಾರ್ಯಕರ್ತೆ ತಂಗಿಯ ಮನೆಗೆ ಬಂದು, "ಒಂದೇ ಸಾಕಾ ಅಕ್ಕ? ದೇಶಕ್ಕೊಂದು ಹೆತ್ತು ಕೊಡಿ" ಎಂದು ನಕ್ಕಳು. ಉಮ್ಸುನಾಯ್ ಮೊದಲು ರೊಟ್ಟಿ ಮುರಿದು ಅವಳ ಮುಂದಿಟ್ಟಳು, ಅತಿಥಿಯಲ್ಲವೇ. ಆಮೇಲೆ ಹೇಳಿದಳು:

"ನನ್ನ ಗರ್ಭಚೀಲ ನಿಮ್ಮ ಆಫೀಸಿನವರ ಹತ್ರಾನೇ ಐತೆ. ವಾಪಸ್ ತಂದ್ಕೊಡವ್ವ, ಹೆರ್ತೀನಿ."

ನಮಗೆ ನಿಮ್ಮ ಪರಿಹಾರ ಬೇಡ. ಕಪಾಟು ತುಂಬಿಸಿ. ಹೆಣ್ಣು ಹೂಂ ಅನ್ನದೆ ಅವಳ ಮೈ ಮುಟ್ಟಕೂಡದೆಂದು ಆಜ್ಞೆ ಹೊರಡಿಸಿ. ಆಮೇಲೆ ನಮ್ಮೂರಿಗೆ ಬಂದು, ಆ ಅತ್ತೆಯ ಎದುರು, ನೆರೆದ ಊರಿನ ಎದುರು, "ಇವಳು ಬಂಜೆಯಲ್ಲ, ಬರಡು ಮಾಡಿದವರು ನಾವು" ಎಂದು ನಿಮ್ಮ ಬಾಯಿಂದಲೇ ಹೇಳಿ.

ಬರದಿದ್ದರೆ ನಾವೇ ಬರುತ್ತೇವೆ. ಖಾಲಿ ತೊಟ್ಟಿಲು ತೂಗಿದ ಕಡೆ ಮಗು ನಿಲ್ಲದು ಎಂದು ನಂಬಿದ ಜನ ನಾವು. ಆಟಕ್ಕೂ ಯಾರೂ ಅದನ್ನು ತೂಗದಂತೆ ಕಾಯುತ್ತೇವೆ. ಅಂಥ ನಾವೇ ಈಗ ತೂಗಲಿದ್ದೇವೆ. ಉಮ್ಸುನಾಯ್‌ಳ ತೊಟ್ಟಿಲನ್ನು ನಿಮ್ಮ ಕಚೇರಿಯ ಮೆಟ್ಟಿಲ ಮೇಲಿಟ್ಟು ನಾವು ಹೆಂಗಸರು ಸರದಿಯಲ್ಲಿ ತೂಗುತ್ತೇವೆ. ಮೂಢನಂಬಿಕೆ ಎನ್ನುವಿರಾ? ನಿಮ್ಮ ಮನೆಗೂ ಹೊಸ ಸೊಸೆ ಬಂದಿದ್ದಾಳಂತೆ. ಆಕೆಯ ಮೇಲೆ ನಮಗೆ ಹಗೆಯಿಲ್ಲ. ನಿಮಗೆ ನಿದ್ದೆ ಬರಬಾರದು, ಅಷ್ಟೇ. ಬರುತ್ತದೋ ಇಲ್ಲವೋ, ಮುನ್ನಂದಾಜು ಮಾಡಿ ನೋಡಿ.

ಇಂತಿ,
ಇನ್ನೊಮ್ಮೆ ದೊಡ್ಡಮ್ಮನಾಗದೆ ಉಳಿದ
ಬುರುಲ್ಚಾ